ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಡಾಕ್ಟರ್‌ಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಅಮ್ಮನ ಮಂಡಿ ಬದಲಿಸುವ ಆಪರೇಷನ್ ಆಗಿ ಹದಿನಾಲ್ಕನೇ ದಿನ. ಗಾಯಕ್ಕೆ ಹಾಕಿದ ಪಿನ್ ತೆಗೆಸಲು ಆಸ್ಪತ್ರೆಗೆ ಹೋಗಿದ್ದೆವು. ಹಿಂದಿನ ಮೂರು ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಡಾಕ್ಟರ್ "ಹೇಗಿದೀರಮ್ಮ?" ಅಂದರು. ಅಮ್ಮ ಸೆರಗು ಸರಿಮಾಡಿಕೊಂಡು "ಆರಾಮಾಗಿದೀನಿ ಡಾಕ್ಟ್ರೇ, ಎಲ್ಲಾ ನಿಮ್ಮ ದಯೆ" ಅಂದುಬಿಟ್ಟಳು. ನಾಲ್ಕೇ ನಿಮಿಷಕ್ಕೆ ಹೊರಗೆ ಬಂದೆವು. ಆಟೋ ಹತ್ತಿ ಮೊದಲ ಸಿಗ್ನಲ್ ಕೂಡ ದಾಟಿರಲಿಲ್ಲ, "ಈ ಮೀನಖಂಡ ಹಿಡ್ಕೊಂಡಿರೋದು ಹೇಳೋದೇ ಮರೆತೆ ಕಣೋ" ಅಂದಳು. ಆಟೋ ತಿರುಗಿಸಿದೆವು.

ಆ ದಿನ ಡಾಪ್ಲರ್ ಸ್ಕ್ಯಾನ್ ಮಾಡಿದರು. ಪುಣ್ಯಕ್ಕೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಲಿಲ್ಲ. ಕಟ್ಟಿದ್ದರೆ? ಮಂಡಿ ಬದಲಿಸಿದ ಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಕೂರುವುದು ಸರ್ಜನ್‌ಗಳು ನಿಜಕ್ಕೂ ಹೆದರುವ ತೊಂದರೆ. ಡಾಕ್ಟರ್‌ಗೆ ನಮ್ಮ ಭಯ ಕಾಣಿಸುವುದಿಲ್ಲ, ನಾವು ಹೇಳಿದ್ದಷ್ಟೇ ಕಾಣಿಸುತ್ತದೆ. ನಮ್ಮಲ್ಲಿ ಜಾಸ್ತಿ ಜನ ಹೇಳುವುದು ಎರಡೇ ಮಾತು. ಒಂದು "ಆರಾಮಾಗಿದೀನಿ", ಇನ್ನೊಂದು "ತುಂಬಾ ನೋವು". ಎರಡರಿಂದಲೂ ಅವರಿಗೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಿರುವುದು ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ ಅನ್ನುವ ಲೆಕ್ಕ. ಆ ಲೆಕ್ಕ ಒಪ್ಪಿಸುವುದು ಹೇಗೆ ಅಂತ ಅಮ್ಮನ ಜೊತೆ ಮೂರು ತಿಂಗಳು ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಂಡಿಯೇ ಆಗಬೇಕಿಲ್ಲ. ಪಿತ್ತಕೋಶ, ಹರ್ನಿಯಾ, ಸಿಸೇರಿಯನ್, ಯಾವ ಆಪರೇಷನ್ ಆದರೂ ಕ್ರಮ ಇದೇ.

ಹೆಜ್ಜೆ 1: ಡಿಸ್ಚಾರ್ಜ್ ದಿನ, ಬಿಲ್ ಕೌಂಟರ್‌ಗೆ ಓಡುವ ಮುಂಚೆ

ಡಿಸ್ಚಾರ್ಜ್ ದಿನ ಮನೆಯವರೆಲ್ಲ ಇನ್ಶೂರೆನ್ಸ್ ಅಪ್ರೂವಲ್ ಬಂತಾ, ಅಡ್ವಾನ್ಸ್ ವಾಪಸ್ ಎಷ್ಟು ಬರುತ್ತೆ ಅನ್ನುವ ಗಡಿಬಿಡಿಯಲ್ಲಿ ಇರುತ್ತಾರೆ. ಆ ಹೊತ್ತಿನಲ್ಲೇ ನರ್ಸ್ ಬಂದು ಮಾತ್ರೆಗಳನ್ನು ಎರಡು ನಿಮಿಷದಲ್ಲಿ ವಿವರಿಸಿ ಹೋಗುತ್ತಾರೆ. ಒಬ್ಬರು ಬಿಲ್ ನೋಡಿಕೊಳ್ಳಲಿ, ಇನ್ನೊಬ್ಬರು ಪೆನ್ನು ಹಿಡಿದು ವಾರ್ಡಿನಲ್ಲೇ ನಿಲ್ಲಲಿ. ಇಷ್ಟನ್ನು ಬರೆದುಕೊಳ್ಳಲೇಬೇಕು:

- ತೊಂದರೆ ಆದರೆ ಹಗಲು ಯಾರಿಗೆ ಫೋನ್ ಮಾಡಬೇಕು, ರಾತ್ರಿ ಯಾರಿಗೆ? ಆಸ್ಪತ್ರೆಯ ರಿಸೆಪ್ಷನ್ ನಂಬರ್ ಸಾಲದು. ವಾರ್ಡಿನ ನಂಬರ್ ಅಥವಾ ಡ್ಯೂಟಿ ಡಾಕ್ಟರ್ ನಂಬರ್ ಕೇಳಿ.
- ಏನಾದರೆ ಫೋನ್ ಕೂಡ ಮಾಡದೆ ನೇರವಾಗಿ ಬರಬೇಕು?
- ಗಾಯ ಯಾವಾಗಿನಿಂದ ಒದ್ದೆ ಆಗಬಹುದು? ಡ್ರೆಸ್ಸಿಂಗ್ ಯಾರು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?
- ಮುಂಚಿನಿಂದ ತಗೊಳ್ಳುತ್ತಿದ್ದ ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆಗಳನ್ನು ಯಾವ ದಿನದಿಂದ ಮತ್ತೆ ಶುರು ಮಾಡಬೇಕು?

ಕೊನೆಯದನ್ನು ಮರೆಯುವವರೇ ಜಾಸ್ತಿ. ಆಪರೇಷನ್‌ಗೆ ಅಂತ ನಿಲ್ಲಿಸಿದ, ರಕ್ತ ತೆಳು ಮಾಡುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಮತ್ತೆ ಶುರು ಮಾಡಿ ಅಂತ ಯಾರೂ ಹೇಳದೆ ಹೋದರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಸಣ್ಣ ವಿಷಯ ಅಲ್ಲ.

ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ಇನ್ನೊಂದು ಕೇಳಿ: ನಮ್ಮದು ಯಾವ ಯೂನಿಟ್ (ಅಂದರೆ ಯಾವ ಡಾಕ್ಟರ್‌ಗಳ ತಂಡ), ಆ ಯೂನಿಟ್ಟಿನ ಓಪಿಡಿ ವಾರದ ಯಾವ ದಿನ? ಒಂದೊಂದು ಯೂನಿಟ್ಟಿಗೆ ಒಂದೊಂದು ದಿನ ಇರುತ್ತದೆ. ತಪ್ಪು ದಿನ ಹೋದರೆ ನಿಮ್ಮ ಆಪರೇಷನ್ ನೋಡೇ ಇರದ ಡಾಕ್ಟರ್ ಸಿಗುತ್ತಾರೆ, ಕಥೆ ಮೊದಲಿನಿಂದ ಹೇಳಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಆಗಿದ್ದರೆ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಫಾಲೋಅಪ್ ಮತ್ತು ಔಷಧಿ ಆ ಪ್ಯಾಕೇಜಿನಲ್ಲೇ ಸೇರಿರುತ್ತದೆ. ದುಡ್ಡು ಖರ್ಚಾಗುತ್ತೆ ಅಂತ ಆ 15 ದಿನದಲ್ಲಿ ಬಂದ ತೊಂದರೆಯನ್ನು ಮುಚ್ಚಿಟ್ಟುಕೊಳ್ಳಬೇಡಿ.

ಹೆಜ್ಜೆ 2: ಒಂದು ನಲವತ್ತು ಪೇಜಿನ ನೋಟ್‌ಬುಕ್

ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡರೂ ಆಗುತ್ತದೆ. ಆದರೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಒಬ್ಬರೇ ಇರುವುದಿಲ್ಲ. ಬೆಳಿಗ್ಗೆ ಮಗಳು, ಮಧ್ಯಾಹ್ನ ಪಕ್ಕದ ಮನೆ ಅಕ್ಕ, ರಾತ್ರಿ ಮಗ. ಹಾಗಾಗಿ ನನಗೆ ಪುಸ್ತಕವೇ ಸರಿ ಅನ್ನಿಸಿತು. ದಾರ ಕಟ್ಟಿ ಪೆನ್ನನ್ನು ಅದಕ್ಕೇ ನೇತು ಹಾಕಿದ್ದೆ, ಇಲ್ಲದಿದ್ದರೆ ಪೆನ್ನು ಕಾಣೆಯಾಗುತ್ತದೆ.

ದಿನಕ್ಕೆ ಎರಡು ಸಲ ಬರೆದರೆ ಸಾಕು. ಆಪರೇಷನ್ ಆಗಿ ಎಷ್ಟನೇ ದಿನ, ಜ್ವರ ಎಷ್ಟು, ನೋವು ಹತ್ತಕ್ಕೆ ಎಷ್ಟು, ಗಾಯ ನೋಡಲು ಹೇಗಿದೆ, ಊಟ, ಮೂತ್ರ, ಕಕ್ಕಸು, ನಿದ್ದೆ. ಶುಗರ್ ಇರುವವರಿಗೆ ಅದರ ರೀಡಿಂಗ್ ಕೂಡ, ಯಾಕೆಂದರೆ ಶುಗರ್ ಏರಿದರೆ ಗಾಯ ಮಾಯುವುದು ತಡವಾಗುತ್ತದೆ, ಕೀವಾಗುವ ಸಾಧ್ಯತೆಯೂ ಜಾಸ್ತಿ. ಅಮ್ಮನ ಪುಸ್ತಕದ ಒಂದು ಸಾಲು ಹೀಗಿದೆ: "9ನೇ ದಿನ, ಸಂಜೆ 6. ಜ್ವರ 99.2, ಮಾತ್ರೆಗೆ ಮುಂಚೆ. ನೋವು ಕೂತಾಗ 3, ನಡೆದಾಗ 6. ಬಾತ್‌ರೂಮಿಗೆ ವಾಕರ್ ಹಿಡಿದು ಒಬ್ಬಳೇ. ಕಕ್ಕಸು ಎರಡು ದಿನದಿಂದ ಇಲ್ಲ."

"ಮಾತ್ರೆಗೆ ಮುಂಚೆ" ಅನ್ನುವ ಆ ಪದ ಮುಖ್ಯ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ. ಅದು ನೋವಿನ ಜೊತೆ ಜ್ವರವನ್ನೂ ಇಳಿಸಿಬಿಡುತ್ತದೆ. ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಜ್ವರ ನೋಡಿದರೆ ಥರ್ಮಾಮೀಟರ್ ಸುಳ್ಳು ಹೇಳಿದ ಹಾಗೇ. ಇನ್ನು, ದಿನವೂ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಗಾಯದ ಒಂದು ಫೋಟೋ ತೆಗೆಯಿರಿ. ಡ್ರೆಸ್ಸಿಂಗ್ ಬಿಚ್ಚಬೇಡಿ ಅಂದಿದ್ದರೆ ಬಿಚ್ಚಲೇಬೇಡಿ, ಮೇಲಿನಿಂದ ಒದ್ದೆಯಾಗಿದೆಯಾ ಅಂತ ನೋಡಿದರೆ ಸಾಕು.

ಹೆಜ್ಜೆ 3: ಯಾವುದು ಕಾಯಬಹುದು, ಯಾವುದು ಕಾಯಬಾರದು

ಎಲ್ಲದಕ್ಕೂ ಫೋನ್ ಮಾಡಿದರೆ ನೀವೂ ಸೋಲುತ್ತೀರಿ, ಅವರೂ ಸೋಲುತ್ತಾರೆ. ಯಾವುದಕ್ಕೂ ಮಾಡದಿರುವುದು ಅದಕ್ಕಿಂತ ಕೆಟ್ಟದ್ದು.

ಕೆಲವು ತೊಂದರೆ ನೋಡಲು ಭಯ ಹುಟ್ಟಿಸುತ್ತವೆ, ಆದರೆ ನಿರೀಕ್ಷಿತವೇ. ಮೊದಲ ಎರಡು ದಿನದ ಸಣ್ಣ ಜ್ವರ ಸಾಮಾನ್ಯವಾಗಿ ದೇಹ ಆಪರೇಷನ್‌ಗೆ ಪ್ರತಿಕ್ರಿಯಿಸುವ ರೀತಿ. ಕೊಳವೆ ಹಾಕಿ ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಗಂಟಲು ಕೆರೆತ. ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್) ಆದವರಿಗೆ ಹೊಟ್ಟೆ ಬಿಟ್ಟು ಭುಜ ನೋಯಬಹುದು! ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಗ್ಯಾಸ್, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಕೆಣಕುತ್ತದೆ, ಆ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಮಂಡಿ ಬದಲಿಸಿದವರಿಗೆ ಗಾಯದ ಹೊರಬದಿಯ ಚರ್ಮ ಮರಗಟ್ಟಿರುತ್ತದೆ, ಮಂಡಿ ತಿಂಗಳುಗಟ್ಟಲೆ ಸ್ವಲ್ಪ ಬೆಚ್ಚಗೆ, ಊದಿಕೊಂಡೇ ಇರಬಹುದು. ಟ್ರಮಡಾಲ್ ಥರದ ನೋವಿನ ಮಾತ್ರೆ ತಗೊಂಡರೆ ಮಲಬದ್ಧತೆ ಬಂದೇ ಬರುತ್ತದೆ ಅನ್ನಿ. ಇವನ್ನೆಲ್ಲ ಬರೆದಿಟ್ಟು ರಿವ್ಯೂ ದಿನ, ಅಂದರೆ ಮತ್ತೆ ತೋರಿಸಲು ಹೋದಾಗ, ಕೇಳಬಹುದು.

ಅದೇ ದಿನ ಫೋನ್ ಮಾಡಬೇಕಾದವು ಬೇರೆ. ಮೂರನೇ ದಿನದ ನಂತರ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು. ಇಳಿಯುತ್ತಿದ್ದ ನೋವು ಮತ್ತೆ ಏರುವುದು. ಗಾಯದ ಸುತ್ತ ಕೆಂಪು ಹರಡುವುದು, ಕೀವು, ಕೆಟ್ಟ ವಾಸನೆ. ಮಂಡಿ ಆಪರೇಷನ್ ಆಗಿ ನಾಲ್ಕೈದು ದಿನ ಕಳೆದರೂ ಗಾಯದಿಂದ ನೀರು ಜಿನುಗುತ್ತಲೇ ಇರುವುದು. ಪಿತ್ತಕೋಶ ತೆಗೆಸಿಕೊಂಡವರಿಗೆ ಕಣ್ಣು ಹಳದಿಯಾಗುವುದು. ಗಾಯದ ಸೋಂಕು ಹೆಚ್ಚಾಗಿ ಮನೆಗೆ ಬಂದ ಮೇಲೆಯೇ ತಲೆ ಎತ್ತುತ್ತದೆ. ಆಪರೇಷನ್ ಆದ 30 ದಿನದವರೆಗೆ, ದೇಹದೊಳಗೆ ಕೃತಕ ಕೀಲು ಅಥವಾ ಹರ್ನಿಯಾಗೆ ಹಾಕುವಂಥ ಜಾಲರಿ (ಮೆಶ್) ಹಾಕಿದ್ದರೆ 90 ದಿನದವರೆಗೆ ಅದರ ಮೇಲೆ ಕಣ್ಣಿಡಬೇಕು ಅನ್ನುವುದು ಸಾಮಾನ್ಯ ಲೆಕ್ಕ.

ಫೋನ್ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಬೇಕಾದವು: ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಒತ್ತಿ ಹಿಡಿದರೂ ನಿಲ್ಲದ ರಕ್ತ, ಮಾತು ತೊದಲುವುದು, ಎಚ್ಚರ ತಪ್ಪುವುದು, ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿ ವಾಂತಿ ನಿಲ್ಲದಿರುವುದು, ಮೂತ್ರ ಕಟ್ಟಿಕೊಳ್ಳುವುದು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದೂ ಈ ಪಟ್ಟಿಯಲ್ಲೇ. ಡಾಕ್ಟರ್ ಫೋನ್ ಎತ್ತಲಿ ಅಂತ ಕಾಯುತ್ತಾ ಕೂರಬೇಡಿ. ಗಾಡಿ ಇಲ್ಲದಿದ್ದರೆ 108.

ಹೆಜ್ಜೆ 4: ರೋಗದ ಹೆಸರು ಬೇಡ, ಕಂಡಿದ್ದನ್ನು ಹೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಾವು ಎಡವುವುದೂ ಇಲ್ಲೇ.

ನಮ್ಮಲ್ಲಿ "ಗ್ಯಾಸ್ಟ್ರಿಕ್" ಅನ್ನುವ ಪದ ಇದೆಯಲ್ಲ, ಅದು ಹೊಕ್ಕುಳಿಂದ ಗಂಟಲವರೆಗಿನ ಎಲ್ಲ ತೊಂದರೆಗೂ ಇಟ್ಟ ಹೆಸರು. ಎದೆ ಹಿಡಿದರೂ ಗ್ಯಾಸ್ಟ್ರಿಕ್, ಉಸಿರು ಕಟ್ಟಿದರೂ ಗ್ಯಾಸ್ಟ್ರಿಕ್. ಫೋನಿನಲ್ಲಿ "ಸ್ವಲ್ಪ ಗ್ಯಾಸ್ ಆಗಿದೆ ಸಾರ್" ಅಂದರೆ ಆ ಕಡೆಯಿಂದ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ತಗೊಳ್ಳಿ ಅನ್ನುವ ಉತ್ತರವೇ ಬರುವುದು. ಅದೇ "ಎದೆ ಮಧ್ಯ ಬಿಗಿ ಹಿಡಿದಿದೆ, ಅರ್ಧ ಗಂಟೆಯಿಂದ, ಮೆಟ್ಟಿಲು ಹತ್ತಿದರೆ ಜಾಸ್ತಿ" ಅನ್ನಿ, ಉತ್ತರ ಬೇರೆಯೇ ಆಗುತ್ತದೆ.

"ಒಳಜ್ವರ" ಇನ್ನೊಂದು. ಥರ್ಮಾಮೀಟರ್‌ಗೆ ಸಿಗದ, ಮೈಗೆ ಮಾತ್ರ ಗೊತ್ತಾಗುವ ಜ್ವರ. ಹಾಗೆ ಅನ್ನಿಸುವುದು ಸುಳ್ಳಲ್ಲ, ಆದರೆ ಅದನ್ನು ಬಿಡಿಸಿ ಹೇಳಬೇಕು: ಚಳಿ ನಡುಕ ಬರುತ್ತಾ? ರಾತ್ರಿ ಬೆವರುತ್ತೀರಾ? ಬಾಯಿ ಕಹಿಯಾ? "ಸುಸ್ತು" ಕೂಡ ಹಾಗೇ. ಕಾಲಲ್ಲಿ ಬಲ ಇಲ್ಲದ್ದು ಒಂದು ಸುಸ್ತು, ನಾಲ್ಕು ಹೆಜ್ಜೆಗೆ ಏದುಸಿರು ಬರುವುದು ಇನ್ನೊಂದು. ಎರಡನೆಯದನ್ನು ಕೇಳಿದರೆ ಡಾಕ್ಟರ್ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

ನೋವಿನ ವಿಷಯದಲ್ಲಿ ಮಾತ್ರ ಕನ್ನಡ ಎಷ್ಟು ಶ್ರೀಮಂತ ಅಲ್ವಾ? ಅದನ್ನು ಬಳಸಿಕೊಳ್ಳಿ. ಉರಿ, ಜುಮ್ಮು, ಕರೆಂಟ್ ಹೊಡೆದ ಹಾಗೆ ಅಂದರೆ ನರದ ಕಡೆ ಯೋಚಿಸುತ್ತಾರೆ. ಗಾಯ ಪಟಪಟ ಸಿಡಿಯುತ್ತೆ, ಮುಟ್ಟಿದರೆ ಬಿಸಿ ಅಂದರೆ ಒಳಗೆ ಕೀವು ಕಟ್ಟುತ್ತಿದೆಯಾ ಅಂತ ನೋಡುತ್ತಾರೆ. ಹೊಟ್ಟೆ ಹಿಂಡಿ ಹಿಂಡಿ ಬಿಡುತ್ತೆ ಅಂದರೆ ಕರುಳು. ಎದ್ದು ನಿಂತಾಗ ಎಳೆದ ಹಾಗೆ ಅಂದರೆ ಬಹುಶಃ ಹೊಲಿಗೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದರೆ, ಎದ್ದು ಕೂತಾಗ ತಲೆ ಸಿಡಿಯುತ್ತೆ, ಮಲಗಿದರೆ ಕಡಿಮೆಯಾಗುತ್ತೆ ಅನ್ನುವ ಒಂದೇ ವಾಕ್ಯ ಸಾಕು, ಅವರಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಡಾಕ್ಟರ್‌ಗೆ ಕನ್ನಡ ಬರದಿದ್ದರೆ ನರ್ಸ್ ಸಹಾಯ ಕೇಳಿ. "ಸಿಡಿತ"ವನ್ನೂ "ಸೆಳೆತ"ವನ್ನೂ ಇಂಗ್ಲಿಷಿನಲ್ಲಿ "ಪೇನ್" ಅಂತ ಒಂದೇ ಮಾಡಿ ಮುಗಿಸಬೇಡಿ.

ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಅಮ್ಮ "ಅದೇನೋಪ್ಪ" ಅನ್ನುತ್ತಿದ್ದಳು. ಆಮೇಲೆ ನಾವು ನೋವನ್ನು ಕೆಲಸದಲ್ಲಿ ಅಳೆಯಲು ಶುರು ಮಾಡಿದೆವು. ನಿನ್ನೆ ಅಡುಗೆಮನೆವರೆಗೆ ನಡೆದಿದ್ದಳು, ಇವತ್ತು ಮಂಚದಿಂದ ಇಳಿಯಲಿಲ್ಲ. ಯಾವ ಡಾಕ್ಟರ್‌ಗೂ ಇದು ಅರ್ಥವಾಗುತ್ತದೆ.

ಹೆಜ್ಜೆ 5: ಫೋನ್ ಮಾಡುವಾಗ

ಸರ್ಜನ್ ಬೆಳಿಗ್ಗೆ ಹೊತ್ತು ಹೆಚ್ಚಾಗಿ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇರುತ್ತಾರೆ. ಫೋನ್ ಎತ್ತುವವರು ಡ್ಯೂಟಿ ಡಾಕ್ಟರ್ ಅಥವಾ ನರ್ಸ್. ಅವರಿಗೆ ಹೇಳಿದರೆ ಏನು ಪ್ರಯೋಜನ ಅಂದುಕೊಳ್ಳಬೇಡಿ. ನಿಮ್ಮ ಮಾತನ್ನು ಓಟಿಯೊಳಗೆ ದಾಟಿಸುವವರು ಅವರೇ. ದಾಟಿಸಲು ಸುಲಭವಾಗುವ ಹಾಗೆ ಹೇಳಿ. ಮೊದಲ ವಾಕ್ಯದಲ್ಲೇ ಯಾರು, ಯಾವ ಆಪರೇಷನ್, ಎಷ್ಟನೇ ದಿನ, ಏನು ಬದಲಾಗಿದೆ ಅನ್ನುವುದು ಬಂದುಬಿಡಬೇಕು. 1984ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಹೆಸರಾಂತ ಅಧ್ಯಯನದಲ್ಲಿ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಿದ್ದರು. ನಮ್ಮ ಓಪಿಡಿಗಳ ಸಾಲು ನೋಡಿದರೆ 18 ಸೆಕೆಂಡೇ ಉದಾರ ಅನ್ನಿಸುತ್ತದೆ.

ನಾನು ಒಂದು ಸಲ ಮಾಡಿದ ಫೋನ್ ಹೀಗಿತ್ತು, ಬರೆದುಕೊಂಡು ಓದಿದ್ದು:

"ನಮಸ್ಕಾರ ಮೇಡಂ. ನಮ್ಮ ತಾಯಿಗೆ ಬಲ ಮಂಡಿ ಬದಲಿಸಿ ಇವತ್ತಿಗೆ ಹನ್ನೊಂದು ದಿನ. ನಿನ್ನೆವರೆಗೂ ಗಾಯ ಒಣಗಿತ್ತು. ಇವತ್ತು ಬೆಳಿಗ್ಗೆಯಿಂದ ಕೆಳತುದಿಯಲ್ಲಿ ನೀರು ಜಿನುಗ್ತಿದೆ, ಎರಡು ಗಾಜ್ ಒದ್ದೆ ಆಯ್ತು. ಜ್ವರ 99, ಮಾತ್ರೆಗೆ ಮುಂಚೆ ನೋಡಿದ್ದು. ಶುಗರ್ ಇದೆ, ಬೆಳಿಗ್ಗೆ 190 ಇತ್ತು. ಇವತ್ತೇ ತೋರಿಸಬೇಕಾ ಅಂತ ಡಾಕ್ಟರ್ ಹತ್ರ ಕೇಳಿ ಹೇಳ್ತೀರಾ?"

ಕೊನೆಯ ಪ್ರಶ್ನೆ ನೋಡಿ. "ಏನ್ ಮಾಡೋದು ಮೇಡಂ?" ಅಂತ ಕೇಳಿದರೆ "ನೋಡೋಣ, ಗಾಬರಿ ಆಗ್ಬೇಡಿ" ಅನ್ನುವ ಉತ್ತರಕ್ಕೆ ದಾರಿ ಮಾಡಿಕೊಟ್ಟ ಹಾಗೆ. "ಇವತ್ತೇ ಬರಬೇಕಾ?" ಅಂದರೆ ಹೌದು ಅಥವಾ ಬೇಡ ಅನ್ನಲೇಬೇಕು. ಬೇಡ ಅಂದರೆ ಇನ್ನೊಂದು ಪ್ರಶ್ನೆ: "ಏನಾದರೆ ಬರಬೇಕು, ಎಷ್ಟು ಹೊತ್ತು ಕಾಯಬಹುದು?" ಹೇಳಿದ್ದನ್ನು ನೀವು ತಿರುಗಿ ಅವರಿಗೇ ಹೇಳಿ ಒಪ್ಪಿಸಿ. ಫೋನ್ ಎತ್ತಿದವರ ಹೆಸರು, ಹೊತ್ತು, ಹೇಳಿದ ಮಾತು ಮೂರನ್ನೂ ಪುಸ್ತಕದಲ್ಲಿ ಬರೆಯಿರಿ. ಹೇಳಿದ ಹೊತ್ತಿಗೆ ವಾಪಸ್ ಫೋನ್ ಬರದಿದ್ದರೆ ನೀವೇ ಮತ್ತೆ ಮಾಡಿ. ಅದರಲ್ಲಿ ಸಂಕೋಚ ಏನೂ ಬೇಡ.

ವಾಟ್ಸಾಪಿನಲ್ಲಿ ಫೋಟೋ ಕಳಿಸುವುದು ಈಗ ಮಾಮೂಲಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಡಾಕ್ಟರ್ ಫೋನ್, ವಿಡಿಯೋ, ವಾಟ್ಸಾಪ್ ಮೂಲಕ ಸಲಹೆ ಕೊಡಬಹುದು. ಫೋನ್ ಸಾಕೋ, ನೇರವಾಗಿ ನೋಡಬೇಕೋ ಅನ್ನುವುದು ಅವರ ನಿರ್ಧಾರ. ಎರಡು ಫೋಟೋ ಬೇಕು: ದೂರದಿಂದ ಒಂದು, ಮೈಯ ಯಾವ ಭಾಗ ಅಂತ ಗೊತ್ತಾಗಲು. ಹತ್ತಿರದಿಂದ ಒಂದು, ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಐದು ರೂಪಾಯಿ ನಾಣ್ಯ ಇಟ್ಟು. ನಾಣ್ಯ ಗಾಯಕ್ಕೆ ತಾಗಬಾರದು. ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಹಾಕಿದರೆ ಕೆಂಪು ತೊಳೆದುಹೋಗುತ್ತದೆ. ಕೆಂಪು ಹರಡುತ್ತಿದೆ ಅನ್ನಿಸಿದರೆ ಅದರ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ. ನಾಲ್ಕು ಗಂಟೆ ಬಿಟ್ಟು ಗೆರೆ ದಾಟಿದೆಯಾ ನೋಡಿ. ಎರಡೂ ಫೋಟೋ ಕಳಿಸಿ. ಬರಿ "ಗುಡ್ ಮಾರ್ನಿಂಗ್ ಡಾಕ್ಟರ್" ಅಂತ ಕಳಿಸಿ ಉತ್ತರಕ್ಕೆ ಕಾಯಬೇಡಿ, ವಿಷಯವನ್ನೂ ಅದರಲ್ಲೇ ಬರೆಯಿರಿ.

ಈ ನಡುವೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಿಸುವ ಆಸೆ ಬರುತ್ತದೆ. ಕೃತಕ ಕೀಲು ಹಾಕಿದ್ದರೆ ಖಂಡಿತ ಬೇಡ. ಕೀಲಿನ ನೀರು ತೆಗೆದು ಯಾವ ಕ್ರಿಮಿ ಅಂತ ಪತ್ತೆ ಮಾಡುವ ಮುಂಚೆಯೇ ಮಾತ್ರೆ ಹೊಟ್ಟೆಗೆ ಹೋದರೆ, ಟೆಸ್ಟಿನಲ್ಲಿ ಕ್ರಿಮಿ ಸಿಗದೇ ಹೋಗಬಹುದು. ಆಮೇಲೆ ಯಾವ ಔಷಧಿ ಕೊಡಬೇಕು ಅಂತ ಸರ್ಜನ್ ಕತ್ತಲಲ್ಲಿ ತಡಕಬೇಕು. ಅರಿಶಿನ, ಬೂದಿ, ಕೊಬ್ಬರಿ ಎಣ್ಣೆ ಬಳಿದಿದ್ದರೂ ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಹೇಳಿಬಿಡಿ.

ಹೆಜ್ಜೆ 6: ರಿವ್ಯೂ ದಿನ

ಹಿಂದಿನ ರಾತ್ರಿ ಎಲ್ಲ ಪ್ರಶ್ನೆ ಬರೆದು, ಅದರಲ್ಲಿ ಮೂರನ್ನು ಮೇಲೆ ತನ್ನಿ. ಅತಿ ಭಯದ್ದು ಮೊದಲು. ಬಾಗಿಲ ಹಿಡಿಕೆ ಹಿಡಿದುಕೊಂಡು "ಇನ್ನೊಂದು ವಿಷಯ ಡಾಕ್ಟ್ರೇ" ಅನ್ನುವುದು ನಮ್ಮ ಚಾಳಿ, ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿ, ಪುಸ್ತಕ, ಮಾತ್ರೆಗಳ ಕವರ್ ಮೂರೂ ಕೈಯಲ್ಲಿರಲಿ. ಗಾಯ ತೋರಿಸಲು ಸುಲಭವಾದ ಬಟ್ಟೆ ಹಾಕಿಸಿ.

ಜೊತೆಗೆ ಹೋಗುವವರು ಒಬ್ಬರೇ ಸಾಕು. ರೋಗಿ ಮಾತಾಡಲಿ, ಬಿಟ್ಟಿದ್ದನ್ನು ನೀವು ಸೇರಿಸಿ. ಅಮ್ಮ "ಆರಾಮಾಗಿದೀನಿ" ಅಂದಾಗ ನಾನು "ಸುಳ್ಳು" ಅಂದುಬಿಟ್ಟಿದ್ದೆ ಒಮ್ಮೆ. ಅವಳಿಗೆ ಬೇಜಾರಾಯಿತು. ಆಮೇಲಿಂದ ಸುಮ್ನೆ ಪುಸ್ತಕ ತೆರೆದು ಡಾಕ್ಟರ್ ಮುಂದೆ ಇಡುತ್ತಿದ್ದೆ. ಅವರು ಒಂದು ಸಲ ಕಣ್ಣಾಡಿಸಿ, "ಏನಮ್ಮ, ಮೂರು ದಿನದಿಂದ ನಿದ್ದೆ ಇಲ್ವಂತೆ?" ಅಂದರು. ಮಾತು ಅಲ್ಲಿಂದ ತಾನಾಗೇ ಬಂತು.

ಪಥ್ಯದ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿ. ಬದನೆಕಾಯಿ ನಂಜು, ಆಲೂಗಡ್ಡೆ ನಂಜು, ಮೊಟ್ಟೆ ಬೇಡ ಅಂತ ನೆಂಟರ ಪಟ್ಟಿ ಬೆಳೆಯುತ್ತಾ ಹೋಗಿ ಕೊನೆಗೆ ಗಂಜಿ, ಉಪ್ಪಿನಕಾಯಿ ಉಳಿಯುತ್ತದೆ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು: ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಡಾಕ್ಟರ್ ಅತ್ತೆಯ ಎದುರೇ "ತಿನ್ನಿ" ಅಂದರೆ ಮನೆಯಲ್ಲಿ ಜಗಳ ಇರುವುದಿಲ್ಲ.

ನಿಮ್ಮ ದಿನದ ಬದುಕಿನಲ್ಲಿ ಏನು ಬೇಕು ಅಂತಲೂ ಕೇಳಿ. ಎರಡನೇ ರಿವ್ಯೂನಲ್ಲಿ ಅಮ್ಮ, ನಾನು ಬರೆದ ಪಟ್ಟಿ ಬಿಟ್ಟು ತನ್ನದೇ ಒಂದು ಪ್ರಶ್ನೆ ಕೇಳಿದಳು: "ರಂಗೋಲಿ ಹಾಕಬಹುದಾ ಡಾಕ್ಟ್ರೇ?" ಅವರು ನಕ್ಕರು. "ಕುಕ್ಕರಗಾಲಲ್ಲಿ ಬೇಡ. ಸಣ್ಣ ಸ್ಟೂಲ್ ಹಾಕ್ಕೊಂಡು ಟೇಬಲ್ ಮೇಲೆ ಬೇಕಾದ್ರೆ ಹಾಕಿ" ಅಂದರು. ಮಂಡಿ ಎಷ್ಟು ಮಡಚಬೇಕು ಅನ್ನುವುದು ಅಮ್ಮನಿಗೆ ಡಿಗ್ರಿ ಲೆಕ್ಕಕ್ಕಿಂತ ಇದರಲ್ಲೇ ಚೆನ್ನಾಗಿ ತಿಳಿಯಿತು.

ಮುಜುಗರದ ವಿಷಯಗಳೂ ಇವೆ. ಮೂತ್ರ ಸೋರುವುದು, ಹರ್ನಿಯಾ ಆದ ಮೇಲೆ ವೃಷಣ ಊದುವುದು, ಗಂಡ ಹೆಂಡತಿ ಯಾವಾಗ ಕೂಡಬಹುದು, ಬೀಡಿ ಬಿಟ್ಟಿಲ್ಲ ಅನ್ನುವುದು. ಬಾಯಲ್ಲಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ಅಥವಾ ಜೊತೆಗಿದ್ದವರನ್ನು ಎರಡು ನಿಮಿಷ ಹೊರಗೆ ಕಳಿಸಿ. ಆಪರೇಷನ್ ಆದ ಮೇಲೆ ಕಾರಣವಿಲ್ಲದೆ ಅಳು ಬರುವುದು, ಏನೂ ಬೇಡ ಅನ್ನಿಸುವುದು ಕೂಡ ಹೇಳಬೇಕಾದ ವಿಷಯವೇ. ವಯಸ್ಸಾದವರು ರಾತ್ರಿ ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಮನೆಯವರ ಗುರುತು ತಪ್ಪಿದರೆ ವಯಸ್ಸಾಯಿತು ಅಂತ ಬಿಡಬೇಡಿ, ಅದೇ ದಿನ ಹೇಳಿ. ಸೋಂಕು, ಸೋಡಿಯಂ ಇಳಿಯುವುದು, ನೋವಿನ ಮಾತ್ರೆ, ಇವು ಯಾವುದರಿಂದಲೂ ಹಾಗಾಗಬಹುದು.

ಹೆಜ್ಜೆ 7: ಹೇಳಿದರೂ ಕಿವಿಗೆ ಹಾಕಿಕೊಳ್ಳದಿದ್ದರೆ

"ಅದೆಲ್ಲ ಕಾಮನ್ನು" ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಇದ್ದಾರೆ. ಜಗಳಕ್ಕೆ ಹೋಗಬೇಡಿ. ಕೂಗಾಡಿದರೆ ಎದುರಿನವರು ಕೇಳಿಸಿಕೊಳ್ಳುವುದನ್ನು ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ಹೀಗೆ ಕೇಳಿ ನೋಡಿ: "ಸರಿ ಡಾಕ್ಟ್ರೇ. ಇದು ಕಾಮನ್ ಆದರೆ ಎಷ್ಟು ದಿನದಲ್ಲಿ ಹೋಗಬೇಕು? ಅಷ್ಟರಲ್ಲಿ ಹೋಗದಿದ್ದರೆ ಮುಂದೆ ಏನು ಟೆಸ್ಟ್ ಮಾಡ್ತೀರಾ?" ತಾರೀಕು ಸಿಕ್ಕಿದರೆ ಅದನ್ನು ಚೀಟಿಯ ಮೇಲೆ ಅವರಿಂದಲೇ ಬರೆಸಿಕೊಳ್ಳಿ.

ಆಮೇಲೂ ಸಮಾಧಾನ ಇಲ್ಲದಿದ್ದರೆ ಇನ್ನೊಬ್ಬ ಸರ್ಜನ್ ಹತ್ತಿರ ತೋರಿಸಿ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯದ ಹಕ್ಕೂ ಇದೆ. ಅದಕ್ಕೆ ದಾಖಲೆ ಬೇಕು. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ನೀವು ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಬಾಯಿಮಾತಲ್ಲಿ ಕೇಳಿದರೆ "ನಾಳೆ ಬನ್ನಿ" ಶುರುವಾಗುತ್ತದೆ. ಒಂದು ಬಿಳಿ ಹಾಳೆಯಲ್ಲಿ ರೋಗಿಯ ಹೆಸರು, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಟ್ಟ ನಂಬರ್), ಬೇಕಾದ ದಾಖಲೆ ಬರೆದು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಡಿ, ಇನ್ನೊಂದು ಪ್ರತಿಗೆ ಸೀಲ್, ತಾರೀಕು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯ ಜೊತೆ ಆಪರೇಷನ್ ನೋಟ್ ಕೇಳುವುದನ್ನು ಮರೆಯಬೇಡಿ. ಒಳಗೆ ನಿಜವಾಗಿ ಏನು ಕಂಡಿತು, ಏನು ಮಾಡಿದರು ಅನ್ನುವುದು ಇರುವುದು ಅದರಲ್ಲಿ. ಕೀಲು ಅಥವಾ ಜಾಲರಿ ಹಾಕಿದ್ದರೆ ಅದರ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕರ್ ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ, ಆ ಪುಟದ ಜೆರಾಕ್ಸ್ ಕೂಡ ಬೇಕು.

ಹೊಸ ಡಾಕ್ಟರ್ ಮುಂದೆ ಹಳೆಯವರನ್ನು ದೂರುತ್ತಾ ಕೂತರೆ ನಿಮಗೆ ಸಿಗುವ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ. ಪುಸ್ತಕ ತೆರೆದಿಡಿ, "ಎಷ್ಟನೇ ದಿನ"ದಿಂದ ಶುರು ಮಾಡಿ.